ಬಟ್ಟೆ ಮುಚ್ಚಿದ ಪುರಭವನ

ನಾನು ಮಲೇಶಿಯಾದ ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತೇನೆ. ಧಾರವಾಡ ಬಿಟ್ಟು ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ಈ ಹದಿಮೂರು ವರ್ಷವೂ ಒಂದು ಕಟ್ಟಡದ ಬಗ್ಗೆ ಎದೆ ಸೆಟೆಸಿ ಪಾಠ ಮಾಡಿದ್ದೇನೆ; ಅದನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಬೆಲ್ಜಿಯಂ ದೇಶದ ಲೂವೆನ್ ಎಂಬ ಊರಿನ ಪುರಭವನ ಅದು. ಹದಿನೈದನೆಯ ಶತಮಾನದ್ದು, ಗಾಥಿಕ್ ಶೈಲಿಯದು. ನನಗೂ ಅದಕ್ಕೂ ಇರುವ ನಂಟೆಲ್ಲ ಆರು ಸ್ಲೈಡುಗಳ ಮೂಲಕ.

ಮೂರು ಅಂತಸ್ತಿನ ಕಟ್ಟಡ. ಮೇಲೆ ಕಡಿದಾದ ಮಾಡು, ಮಾಡಿನ ತುಂಬ ಸಾಲುಸಾಲು ಪುಟ್ಟ ಕಿಟಕಿಗಳು. ನಾಲ್ಕು ಮೂಲೆಗೆ ನಾಲ್ಕು, ಮಾಡಿನ ಎರಡು ತುದಿಗೆ ಎರಡು, ಹೀಗೆ ಆರು ಸಪೂರ ಗೋಪುರಗಳು. ಗೋಡೆಯಲ್ಲಿ ಅಂಗೈಯಗಲ ಬೋಳು ಜಾಗ ಸಿಗುವುದು ಕಷ್ಟ. ಕಿಟಕಿ ಕಿಟಕಿಯ ನಡುವೆ ಗೂಡುಗಳು, ಪ್ರತಿ ಗೂಡಿನ ಮೇಲೆ ಕಲ್ಲಿನ ಛತ್ರಿ, ಕೆಳಗೆ ಕಲ್ಲಿನ ಪೀಠ. ಅಂಥ ಗೂಡುಗಳು ಇನ್ನೂರಕ್ಕೂ ಹೆಚ್ಚು ಇವೆ. ಗೂಡುಗಳೇನೋ ಕಟ್ಟುವಾಗಲೇ ಬಂದವು, ಅದರೊಳಗೆ ನಿಲ್ಲಬೇಕಾದ ವಿಗ್ರಹಗಳು ಮಾತ್ರ ಬರಲಿಲ್ಲ. ಸುಮಾರು ನಾಲ್ಕು ನೂರು ವರ್ಷ ಅವು ಖಾಲಿಯಾಗಿಯೇ ಇದ್ದವು. ಈಗ ಅಲ್ಲಿ ನಿಂತಿರುವವರೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಸೇರಿದವರು.

ಈ ಪಾಠಕ್ಕೆ ನಾನೊಂದು ಮಾತು ಇಟ್ಟುಕೊಂಡಿದ್ದೆ. ದೊಡ್ಡ ಪರದೆಯ ಮೇಲೆ ಚಿತ್ರ ಮೂಡಿದ ಕೂಡಲೇ ಹೇಳುತ್ತಿದ್ದೆ: ಇದು ಕ್ರೈಸ್ತರ ಇಗರ್ಜಿಯ ಉಡುಪು ತೊಟ್ಟಿದೆ, ಆದರೆ ಇಗರ್ಜಿಯಲ್ಲ. ಬಟ್ಟೆ ವ್ಯಾಪಾರದಿಂದ ಮೇಲೆ ಬಂದ ಊರಿನವರು ತಮ್ಮ ಹಕ್ಕಿನ ಹೆಮ್ಮೆಗೆ ಕಟ್ಟಿಕೊಂಡ ಮನೆ. ಇದರಲ್ಲಿ ದೇವರನ್ನು ಹುಡುಕಬೇಡಿ, ಊರನ್ನು ಹುಡುಕಿ. ಹೇಳಿ ಮುಗಿಸಿ ನಾನೇ ಖುಷಿಯಿಂದ ತರಗತಿಯ ಕಡೆ ತಿರುಗುತ್ತಿದ್ದೆ. ಅಷ್ಟರಲ್ಲಿ ಮಧ್ಯಾಹ್ನದ ಊಟ ಹೊಡೆದು ಬಂದ ಅರ್ಧ ತರಗತಿ ತೂಕಡಿಸುತ್ತಿತ್ತು.

ಈ ಗೋಳನ್ನು ನಾನು ತೋಡಿಕೊಳ್ಳುತ್ತಿದ್ದದ್ದು ನಮ್ಮದೇ ಕಟ್ಟಡದಲ್ಲಿ ಎರಡು ಅಂತಸ್ತು ಕೆಳಗಿದ್ದ ಮಂಗಳೂರಿನ ದಂಪತಿಗಳ ಮುಂದೆ. ಗಂಡ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಕರಾವಳಿಯವರ ಕಿವಿಗೆ ಅದು ವಿಚಿತ್ರವಾಗಿ ಕೇಳುತ್ತಿತ್ತು. ಆದರೂ ಸಹಿಸಿಕೊಂಡರು. ಅವರ ಪಾಲಿಗೆ ನಾನು ಟೀಚರು. ಅವರಿಬ್ಬರೂ ತಮ್ಮತಮ್ಮಲ್ಲಿ ಕೊಂಕಣಿ ಆಡಿಕೊಂಡು, ನನ್ನ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬರುತ್ತಿದ್ದರು. ಮನೆ ಬಿಟ್ಟು ಇಷ್ಟು ದೂರ ಬಂದು ಒಂಟಿಯಾಗಿದ್ದವಳಿಗೆ ಆ ತಿರುಗುವಿಕೆ ಎಷ್ಟು ಹಿತವಾಗಿತ್ತು ಎಂದು ಅವರಿಗೆ ಯಾವತ್ತೂ ಹೇಳಿಲ್ಲ.

ಕಾಕಾ ಗೋದಲಿ ಕಟ್ಟುವುದರಲ್ಲಿ ಎತ್ತಿದ ಕೈ. ಕ್ರಿಸ್ಮಸ್ ಹಬ್ಬಕ್ಕೆ ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು, ಅದರ ಸುತ್ತಲಿನ ಬೆಟ್ಟ, ಹಾದಿ, ಕುರಿ, ಮನೆಗಳ ಸಮೇತ ಪುಟ್ಟದಾಗಿ ಕಟ್ಟುತ್ತಾರಲ್ಲ, ಅದೇ ಗೋದಲಿ. ಹುಡುಗನಾಗಿದ್ದಾಗಿಂದ ಮಂಗಳೂರಿನ ತಮ್ಮ ವಾಳೆಯಲ್ಲಿ ಕಟ್ಟಿದವರು. ಇಗರ್ಜಿಯ ವ್ಯಾಪ್ತಿಯ ಹತ್ತಿಪ್ಪತ್ತು ಮನೆ ಸೇರಿದರೆ ಒಂದು ವಾಳೆ. ವಾಳೆ ವಾಳೆಗೂ ಗೋದಲಿಯ ಪೈಪೋಟಿ. ಇಲ್ಲಿಗೆ ಬಂದ ಮೇಲೂ ಮಂಗಳೂರಿನವರು ಹಬ್ಬಕ್ಕೆ ಸೇರುವ ಸಭಾಂಗಣದಲ್ಲಿ ಪ್ರತಿ ಡಿಸೆಂಬರ್ ಅವರದೇ ಗೋದಲಿ.

ಒಂದು ಸಂಜೆ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ಚಹಾ ಕುಡಿಯುತ್ತ ತೂಕಡಿಸುವ ತರಗತಿಯ ಕಥೆ ಹೇಳಿದೆ. ಫೋನಿನಲ್ಲಿದ್ದ ಪುರಭವನದ ಚಿತ್ರ ತೋರಿಸಿದೆ. ಕಾಕಾ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಚಹಾ ಆರಿ ತಣ್ಣಗಾಗುವವರೆಗೆ ನೋಡಿದರು.

"ಇದನ್ನು ಮಾಡ್ಲಿಕ್ಕೆ ಆಗ್ತದೆ ಟೀಚರೇ."

"ಏನು ಮಾಡ್ಲಿಕ್ಕೆ ಆಗ್ತದ್ರೀ?"

"ಇದನ್ನೇ. ಸಣ್ಣದಾಗಿ. ನಿಮ್ಮ ಮಕ್ಕಳು ಸುತ್ತ ನಿಂತು ನೋಡಿದ್ರೆ ನಿದ್ದೆ ಬರುದಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಡಿಸೆಂಬರ್ ಕೊನೆಗೆ ಅವರ ಕೆಲಸ ಮುಗಿಯುತ್ತಿತ್ತು, ಅದರ ಜೊತೆ ಇಲ್ಲಿರುವ ಪರವಾನಗಿಯೂ. ಇಬ್ಬರೂ ಮಂಗಳೂರಿನ ಮಗಳ ಮನೆಗೆ ಹೋಗುವವರಿದ್ದರು.

"ನೋಡಿ, ಇಪ್ಪತ್ತಾರು ವರ್ಷ ಇಲ್ಲಿ ಗೋದಲಿ ಕಟ್ಟಿದೆ. ಇಪ್ಪತ್ತಾರನ್ನೂ ಜನವರಿಯಲ್ಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ನನ್ನ ಕೈಯಿಂದ ಆದದ್ದು ಒಂದಾದ್ರೂ ಈ ಊರಲ್ಲಿ ಬಿಚ್ಚದೆ ಇರ್ಲಿ ಮಾರಾಯ್ರೇ."

ಮರುದಿನವೇ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದೆ. ಆಕೆ ಚೀನೀ ಮೂಲದವರು, ಪೆನಾಂಗ್ ಕಡೆಯವರು, ಎರಡು ಮಾತಿನಲ್ಲಿ ವ್ಯವಹಾರ ಮುಗಿಸುವ ಹೆಂಗಸು. ಪ್ರವೇಶದ್ವಾರದ ಬಳಿಯ ಗಾಜಿನ ಕಪಾಟು ಖಾಲಿಯಿತ್ತು. "ಸರಿಯಾಗಿದ್ದರೆ ಅಲ್ಲೇ ಇಡೋಣ, ಶಾಶ್ವತವಾಗಿ. ತಪ್ಪಿದ್ದರೆ ಬೇಡ ಲಾ. ಮಕ್ಕಳು ಅದನ್ನು ನೋಡಿಯೇ ಕಲಿಯೋದು," ಎಂದರು, ಮಾತಿನ ಕೊನೆಗೆ ಇಲ್ಲಿನವರ 'ಲಾ' ಸೇರಿಸಿ. ಸರಿಯಾಗಿರದೆ ಏನು, ನಾನಿದ್ದೇನಲ್ಲ ಎಂದು ಭರವಸೆ ಕೊಟ್ಟು ಬಂದೆ.

ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಾಕಾನಿಗೆ ಕೊಟ್ಟೆ, ಅಳತೆ ಲೆಕ್ಕ ಹಾಕಿಕೊಟ್ಟೆ; ಇನ್ನೂರು ಗೂಡು ಹಿಡಿಯದ್ದರಿಂದ ತೊಂಬತ್ತಾರಕ್ಕೆ ಇಳಿಸಿದೆ. ಪುರಭವನ ಎಂದರೇನೆಂದು ಒಂದು ಅಂದಾಜು ಬರಲಿ ಎಂದು, ನನ್ನ ವಿದ್ಯಾರ್ಥಿಗಳ ಜೊತೆ ಅವರನ್ನೂ ಬಸ್ಸಿನಲ್ಲಿ ಮೆಲಾಕಾಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಡಚ್ಚರ ಕಾಲದ ಹಳೆಯ ಪುರಭವನವಿದೆ. ಗಾಥಿಕ್ ಅಲ್ಲ, ದಪ್ಪ ಗೋಡೆಯ ಸಾದಾ ಕಟ್ಟಡ. ಅದರ ಪಕ್ಕದಲ್ಲೇ ಇಗರ್ಜಿ. ಎರಡಕ್ಕೂ ಒಂದೇ ಕೆಂಪು ಬಣ್ಣ. ಬಸ್ಸಿನಿಂದಿಳಿದ ಕಾಕಾ ಟೋಪಿ ತೆಗೆದು, ನೇರ ಪುರಭವನಕ್ಕೆ ಮುಖ ಮಾಡಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿದರು.

"ಅಲ್ರೀ ಕಾಕಾ, ಅದು ಮುನಸಿಪಾಲ್ಟಿ ಆಫೀಸು! ಇಗರ್ಜಿ ಈ ಕಡೆ!"

"ಹೌದಾ? ಇರ್ಲಿ, ಅಲ್ಲಿಗೂ ಒಂದು ಬೇಕಾಗ್ತದೆ," ಎಂದು ಪಕ್ಕಕ್ಕೆ ತಿರುಗಿ ಮತ್ತೊಮ್ಮೆ ಮಾಡಿದರು. ಹುಡುಗರೆಲ್ಲ ನಕ್ಕರು, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಆಗಲೇ ನನಗೆ ಹೊಳೆಯಬೇಕಿತ್ತು.

ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ಅವರ ಊಟದ ಮೇಜು ಹೋಗಿ ಕಿಟಕಿಯ ಪಕ್ಕ ಸೇರಿತು, ದಂಪತಿಗಳಿಬ್ಬರೂ ತಟ್ಟೆ ಮಡಿಲಲ್ಲಿಟ್ಟುಕೊಂಡು ಉಣ್ಣತೊಡಗಿದರು. ಗೋಡೆಗೆ ದಪ್ಪ ರಟ್ಟು, ಮಾಡಿಗೆ ತೆಳು ಹಲಗೆ, ಸಪೂರ ಕಂಬಗಳಿಗೆ ಸತೇ ಕಡ್ಡಿ. ಕಾಕಾ ಸತೇ ಅಂಗಡಿಯಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ತಿಂದು ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಪಕ್ಕದ ಮೇಜಿನವರು ಬಿಟ್ಟುಹೋದ ಕಡ್ಡಿಗಳನ್ನೂ ಕೇಳಿ ತಂದರಂತೆ. ಕಾಕು ಅದನ್ನು ಹೇಳುವಾಗ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಕುಸುರಿ ಕೆಲಸಕ್ಕೆ ಬೇಕಾದ ಜೇಡಿಯಂಥ ಹಿಟ್ಟು ಸ್ಟೇಷನರಿ ಅಂಗಡಿಯಿಂದ ಬಂತು, ಹಲ್ಲುಕಡ್ಡಿಯೇ ಉಳಿಯಾಯಿತು.

ಇಷ್ಟೆಲ್ಲ ನನಗೆ ಗೊತ್ತಿದ್ದದ್ದು ಕೇಳಿ, ನೋಡಿ ಅಲ್ಲ. ಏಕೆಂದರೆ ಮಾದರಿಯ ಮೇಲೆ ಸದಾ ಒಂದು ಹೂವಿನ ಹಾಸುಬಟ್ಟೆ ಮುಚ್ಚಿರುತ್ತಿತ್ತು. ಗೋದಲಿ ಕಟ್ಟುವವರ ಕಟ್ಟುನಿಟ್ಟಿನ ಪದ್ಧತಿ ಅದು. ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ ಬಾಲಯೇಸುವನ್ನು ಮಲಗಿಸುವವರೆಗೆ ಅವರ ವಾಳೆಯಲ್ಲಿ ಗೋದಲಿಯನ್ನು ಕಟ್ಟುವವರ ಹೊರತು ಯಾರೂ ನೋಡುವಂತಿರಲಿಲ್ಲ, ವಾಳೆಯ ಮುಖಂಡನಾದ ಗುರಿಕಾರನೂ ಸಹ. ನಾನು ಎಷ್ಟು ಸಲ ಹೋಗಿ ಬಟ್ಟೆಯ ಅಂಚು ಹಿಡಿದೆನೋ, ಅಷ್ಟು ಸಲ ಕೈ ಮೇಲೆ ಸಣ್ಣ ಏಟು ಬಿತ್ತು.

"ಒಂದು ಮೂಲಿ ಅಷ್ಟೇ ನೋಡ್ತೀನ್ರೀ ಕಾಕಾ. ತಪ್ಪು ಗಿಪ್ಪು ಇದ್ರ ಹೇಳ್ಬಹುದಲ್ಲ."

"ಬೇಡ. ಮುಗಿಯದೆ ತೆಗೆಯುದಿಲ್ಲ. ನೀವು ಟೀಚರು ಇರ್ಬಹುದು, ನಮ್ಮಲ್ಲಿ ಗುರಿಕಾರನಿಗೂ ಇಲ್ಲ."

ಬಟ್ಟೆಯಡಿಯ ಆಕಾರ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಆರು ಕಡೆ ಚೂಪಾಗಿ ಎದ್ದಿತು. ನನಗೆ ಅಷ್ಟಕ್ಕೇ ಸಮಾಧಾನ.

ನವೆಂಬರ್ ಕೊನೆಯ ಒಂದು ಭಾನುವಾರ, ಅವರು ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ನನಗೆ ಕರೆ ಬಂತು. ಕಾಕಾ ಬಿಳಿ ಅಂಗಿಯಲ್ಲಿದ್ದರು. ಕಾಕು ಒಂದು ತುದಿ, ಕಾಕಾ ಒಂದು ತುದಿ ಹಿಡಿದು ಬಟ್ಟೆ ಎತ್ತಿದರು.

ಮೊದಲು ಹತ್ತಿರ ಹೋಗಿ ಬಗ್ಗಿ ನೋಡಿದೆ. ಅಷ್ಟು ಚೆಂದವಿತ್ತು. ಕಿಟಕಿಯ ಕಮಾನುಗಳು, ಮಾಡಿನ ಅಂಚಿನ ಕಟಕಟೆ, ಛತ್ರಿಗಳ ಒಳಮೈಯ ಗೆರೆಗಳು, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಹದಿನೈದನೆಯ ಶತಮಾನದ ಕಲ್ಲುಕುಟಿಗರು ಬಂದಿದ್ದರೆ ಅವರಿಗೂ ಒಂದು ಕುರ್ಚಿ ಎಳೆದು ಕೂರಿಸಬಹುದಿತ್ತು. ಆಮೇಲೆ ನನ್ನ ಕಣ್ಣು ಮೇಲಕ್ಕೆ ಹೋಯಿತು. ಆರು ಗೋಪುರದ ತುದಿಯಲ್ಲೂ ಆರು ಬಂಗಾರದ ಶಿಲುಬೆಗಳು. ಮತ್ತೆ ಕೆಳಕ್ಕೆ ಬಂತು. ಗೂಡುಗಳಲ್ಲಿ ಒಂದೂ ಖಾಲಿ ಇಲ್ಲ. ಎದುರು ಗೋಡೆ, ಎರಡು ಪಕ್ಕ ಸೇರಿ ತೊಂಬತ್ತಾರು ಸಂತರು, ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರದವರು, ಒಬ್ಬೊಬ್ಬರಿಗೂ ತಲೆಯ ಹಿಂದೆ ಪ್ರಭಾವಳಿ. ಕೈಯಲ್ಲಿ ಕೀಲಿ ಹಿಡಿದವರು, ಲಿಲ್ಲಿ ಹೂ ಹಿಡಿದವರು, ಹೆಗಲ ಮೇಲೆ ಮಗುವನ್ನು ಹೊತ್ತವರು. ಗೂಡು ಕಂಡರೆ ಅದರಲ್ಲಿ ಸಂತರಿರಬೇಕು, ಚೂಪು ಗೋಪುರ ಕಂಡರೆ ಅದರ ಮೇಲೆ ಶಿಲುಬೆ ಇರಬೇಕು. ಅರವತ್ತು ವರ್ಷ ಇಗರ್ಜಿಗಳನ್ನೇ ಕಂಡ ಕೈ ಬೇರೇನು ಮಾಡೀತು? ಚಿತ್ರದಲ್ಲಿನ ವಿಗ್ರಹಗಳ ಮುಖ ಅವರಿಗೆ ಸರಿಯಾಗಿ ಕಂಡಿರಲಿಲ್ಲ, ಕಾಣದ ಕಡೆ ತಮಗೆ ಗೊತ್ತಿದ್ದವರನ್ನು ನಿಲ್ಲಿಸಿದ್ದರು.

ಕಾಕಾ ಮಾದರಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ಭಾಳ ಛಲೋ ಆಗೇದ್ರೀ ಕಾಕಾ," ಎಂದೆ. ಕಾಕು ಕೊಟ್ಟ ನೆವ್ರಿ, ನಮ್ಮ ಕಡೆಯ ಕರಜಿಕಾಯಿಯಂಥ ತಿಂಡಿ, ತಿಂದೆ. ಏನೋ ಕೆಲಸದ ನೆಪ ಹೇಳಿ ಮೇಲೆ ಬಂದುಬಿಟ್ಟೆ.

ತರಗತಿಯಲ್ಲಿ ಇಪ್ಪತ್ತು ವರ್ಷದ ಹುಡುಗರ ನಕ್ಷೆಯನ್ನು ಮುಖಕ್ಕೆ ಹೊಡೆದಂತೆ ತಿದ್ದುವವಳು ನಾನು. ಆದರೆ ಮುಂದಿನ ಮೂರು ದಿನ ಅವರ ಅಂತಸ್ತಿನಲ್ಲಿ ಲಿಫ್ಟ್ ನಿಂತರೆ ಎದುರಾಗಬೇಕಾದೀತು ಎಂದು ಮೆಟ್ಟಿಲಲ್ಲಿ ಓಡಾಡಿದೆ. ಹಾಗೆಯೇ ಕಪಾಟಿಗೆ ಕಳಿಸಿಬಿಡಲೇ ಎಂದೂ ಯೋಚಿಸಿದೆ. ಮುಖ್ಯಸ್ಥೆ ಒಂದೇ ನೋಟಕ್ಕೆ ಇದು ಚರ್ಚು ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇಪ್ಪತ್ತೇಳನೆಯದೂ ಬಿಚ್ಚಿ ಪೆಟ್ಟಿಗೆಗೆ ಹೋಗುತ್ತದೆ. ಹಾಗಾಗಲು ಬಿಡಬಾರದಿತ್ತು, ಆದರೆ ಅವರಿಗೆ ತಪ್ಪು ಹೇಳಲು ಬಾಯಿ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಕಾಕುವೇ ಮೇಲೆ ಹತ್ತಿ ಬಂದರು.

"ನೀವು ಅರ್ಧವೇ ಹೇಳಿದ್ದು ಅಂತ ಅವರಿಗೆ ಗೊತ್ತಾಗಿದೆ ಟೀಚರೇ. ಮೂರು ದಿನದಿಂದ ಸರಿ ಊಟ ಮಾಡುದಿಲ್ಲ. ಉಳಿದರ್ಧ ಬಂದು ಹೇಳಿ ಹೋಗಿ."

ಹೋಗಿ ಹೇಳಿದೆ. ಇದು ಇಗರ್ಜಿಯಲ್ಲ ಎಂದೆ. ಶಿಲುಬೆ ಅಲ್ಲಿಲ್ಲ, ಗೂಡುಗಳು ನೂರಾರು ವರ್ಷ ಖಾಲಿಯಿದ್ದವು, ಈ ಕಟ್ಟಡದ ವಿಶೇಷವೇ ಅದರಲ್ಲಿ ದೇವರಿಲ್ಲದಿರುವುದು ಎಂದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗದಂತೆ ತರಗತಿಯ ದನಿ ಬಂದಿತ್ತು. ಕಾಕಾ ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು, ಹೂವಿನ ಹಾಸುಬಟ್ಟೆ ತಂದು, ಮಾದರಿಯ ಮೇಲೆ ಮತ್ತೆ ಹೊದಿಸಿದರು. ಮೂಲೆಗಳನ್ನು ಎಳೆದು ಸರಿಮಾಡಿದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಸಂಜೆ ನನ್ನ ಬಾಗಿಲು ಬಡಿದ ಸದ್ದಾಯಿತು. ಕಾಕಾ ನಿಂತಿದ್ದರು, ಒಂದು ಕೈಯಲ್ಲಿ ನಾನೇ ಕೊಟ್ಟ ದೊಡ್ಡ ಚಿತ್ರ, ಇನ್ನೊಂದರಲ್ಲಿ ಭೂತಗನ್ನಡಿ. ಒಳಗೆ ಬಂದು ಚಿತ್ರವನ್ನು ಮೇಜಿನ ಮೇಲೆ ಹರವಿದರು.

"ಶಿಲುಬೆ ನನ್ನ ತಪ್ಪು. ಒಪ್ಪಿದೆ. ಸಂತರೂ ತಪ್ಪು, ಆಯ್ತು. ಆದ್ರೆ ದೇವರೇ ಇಲ್ಲ ಅಂದ್ರಲ್ಲ ಟೀಚರೇ, ಹಾಗಾದ್ರೆ ಇದೆಂತ?"

ಅವರ ಬೆರಳು ಒಂದು ಗೂಡಿನ ಕೆಳಗಿನ ಪೀಠದ ಮೇಲಿತ್ತು. ಬಗ್ಗಿ ನೋಡಿದೆ. ಕಪ್ಪು ಬಿಳುಪಿನ ಒರಟು ಉಬ್ಬುತಗ್ಗು ಅಷ್ಟೇ ಕಂಡಿತು. ಅವರು ಭೂತಗನ್ನಡಿಯನ್ನು ಸ್ವಲ್ಪ ಮೇಲೆತ್ತಿ ಹಿಡಿದರು. ಒಂದು ಮರ. ಮರದ ಒಂದು ಪಕ್ಕ ಒಬ್ಬ ಗಂಡಸು, ಇನ್ನೊಂದು ಪಕ್ಕ ಹೆಂಗಸು.

"ಆದಾಮ, ಏವ. ಇದು ಬಿಡಿ, ಈ ಕಡೆ ನೋಡಿ, ದೋಣಿ ಉಂಟು. ನೋಹ ಇರ್ಬೇಕು. ಒಟ್ರಾಶಿ ಎಲ್ಲಾ ಬೈಬಲಿನ ಕಥೆಯೇ. ನಾನು ಇದನ್ನು ನೋಡಿಯೇ ಇಗರ್ಜಿ ಅಂತ ನಂಬಿದ್ದು. ಪೀಠದಲ್ಲಿ ಇದು ಇದ್ರೆ ಮೇಲೆ ಮತ್ತೆ ಯಾರು ನಿಲ್ಲುದು?"

ನನಗೆ ನಾಚಿಕೆಯಾಯಿತು. ಅಲ್ಲಿಯವರೆಗಿನ ಹನ್ನೊಂದು ವರ್ಷ, ವರ್ಷಕ್ಕೆರಡು ಸಲ, ಆಳೆತ್ತರದ ಪರದೆಯ ಮೇಲೆ ಆ ಪೀಠಗಳು ನನ್ನ ಬೆನ್ನ ಹಿಂದೆಯೇ ಇದ್ದವು. ನಾನು ಅವಕ್ಕೆ ಬೆನ್ನು ಹಾಕಿಯೇ 'ದೇವರನ್ನು ಹುಡುಕಬೇಡಿ' ಎಂದು ಹೇಳಿದ್ದೆ. ಈ ಮನುಷ್ಯ ಹಲ್ಲುಕಡ್ಡಿಯಲ್ಲಿ ಕೆತ್ತಬೇಕಾದ್ದರಿಂದ ಒಂದೊಂದನ್ನೂ ನೋಡಿದ್ದರು.

"ನಾ ನೋಡೇ ಇರ್ಲಿಲ್ರೀ ಕಾಕಾ," ಎಂದೆ.

ಅವರು ಗೆದ್ದವರ ಹಾಗೆ ನಗಲಿಲ್ಲ. "ಹಾಗಾದ್ರೆ ಇಬ್ಬರದ್ದೂ ಅರ್ಧರ್ಧ ತಪ್ಪು. ಬನ್ನಿ, ಸರಿ ಮಾಡುವ," ಎಂದರು.

ಆ ವಾರ ನಾನು ಗ್ರಂಥಾಲಯದಲ್ಲಿ ಕೂತು, ಮೊದಲೇ ಓದಬೇಕಾಗಿದ್ದನ್ನು ಓದಿದೆ. ಪೀಠಗಳ ಮೇಲಿನ ಬೈಬಲ್ ಕಥೆಗಳು ಕಟ್ಟಡದಷ್ಟೇ ಹಳೆಯವು, ಪಾಪ ಮತ್ತು ಶಿಕ್ಷೆಯ ಕಥೆಗಳು. ಊರನ್ನು ಆಳುವವರು ತಲೆಯೆತ್ತಿದರೆ ಕಾಣಲಿ ಎಂದು ಇಟ್ಟಿದ್ದಿರಬಹುದು ಎಂದು ನಾನು ಅಂದುಕೊಂಡೆ. ಮುಂದೆ ವಿಗ್ರಹಗಳನ್ನು ನಿಲ್ಲಿಸಿದಾಗ ಕೆಳಗಿನ ಅಂತಸ್ತಿನಲ್ಲಿ ಊರಿನ ಗಣ್ಯರು, ಮೇಲಿನ ಅಂತಸ್ತಿನಲ್ಲಿ ಆಳಿದ ದೊರೆಗಳು, ನಡುವಿನ ಅಂತಸ್ತಿನಲ್ಲಿ ಊರಿನ ಇಗರ್ಜಿಗಳ ಪಾಲಕ ಸಂತರೂ ಬಂದರು. ನಡುವಿನ ಅಂತಸ್ತಿನ ಮಟ್ಟಿಗೆ ಕಾಕಾ ಸರಿಯಾಗಿಯೇ ಇದ್ದರು. ಅದನ್ನು ಹೇಳಿದಾಗ ಅವರು ಕಾಕುವಿನ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿದರು. ಕಾಕು ಅದನ್ನು ನನಗೆ ಕನ್ನಡಕ್ಕೆ ತರಲಿಲ್ಲ.

ಕಟ್ಟಿದ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಇಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಶಿಲುಬೆಗಳು ಹೋಗಿ ಆರು ಪುಟ್ಟ ಬಾವುಟಗಳು ಬಂದವು. ಆಮೇಲೆ ಸಂತರ ಸರದಿ. ಅಂಟು ಬಿಡಿಸುವುದು ಸುಲಭವಿರಲಿಲ್ಲ. ಕಾಕಾ ತೆಳು ಬ್ಲೇಡನ್ನು ಪಾದದಡಿ ತೂರಿಸಿ ಒಬ್ಬೊಬ್ಬರನ್ನೇ ಬಿಡಿಸಿ ಹೆಸರು ಹೇಳಿ ನನ್ನ ಅಂಗೈಗೆ ಕೊಡುತ್ತಿದ್ದರು, ನಾನು ಹತ್ತಿ ಹಾಸಿದ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿಸುತ್ತಿದ್ದೆ. ಎರಡು ಸಂಜೆ ಹಿಡಿಯಿತು. ಈ ಸಲ ಬಟ್ಟೆ ಮುಚ್ಚುವ ಮಾತನ್ನು ಅವರು ಎತ್ತಲಿಲ್ಲ.

ಡಿಸೆಂಬರ್ ಎರಡನೆಯ ವಾರ ಮಾದರಿಯನ್ನು ಕಾಲೇಜಿಗೆ ಸಾಗಿಸಿದೆವು. ಕಾಕಾ ವ್ಯಾನಿನ ಹಿಂಭಾಗದಲ್ಲಿ ನೆಲಕ್ಕೆ ಕೂತು ದಾರಿಯುದ್ದಕ್ಕೂ ಅದನ್ನು ಅಪ್ಪಿ ಹಿಡಿದಿದ್ದರು. ಮುಖ್ಯಸ್ಥೆ ಎರಡು ಸುತ್ತು ಬಂದರು. ಗೂಡುಗಳೇಕೆ ಖಾಲಿ ಎಂದು ಕೇಳಿದರು, ಹೇಳಿದೆ. ಮೂಗು ತಾಗುವಷ್ಟು ಬಗ್ಗಿ, ಪೀಠಗಳ ಮೇಲಿರುವುದೇನು ಎಂದು ಕೇಳಿದರು.

"ಹನ್ನೊಂದು ವರ್ಷ ನಾನು ನೋಡದೆ ಬಿಟ್ಟದ್ದು. ಇವರು ತೋರಿಸಿಕೊಟ್ಟರು," ಎಂದೆ.

ಆಕೆ ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು. "ಕೀಲಿ ತರ್ತೀನಿ," ಎಂದು ಹೋದರು.

ಕಪಾಟಿಗೆ ಬೀಗ ಬಿದ್ದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ತಟ್ಟಲಿಲ್ಲ. ಜನ ಚದುರಿದ ಮೇಲೆ ಮೆಲ್ಲನೆ ಬಂದು, ಬೀಗವನ್ನು ಒಮ್ಮೆ ಎಳೆದು ನೋಡಿದರು. ಗಟ್ಟಿಯಾಗಿತ್ತು. ಆಗ ಅವರ ಕಣ್ಣು ತುಂಬಿತು, ನನ್ನದೂ ತುಂಬಿತು.

ಅವರು ಹೊರಡುವ ಬೆಳಿಗ್ಗೆ ಕಾಕು ನನಗೆ ಉಪ್ಪಿನಕಾಯಿಯ ಭರಣಿ, ಎರಡು ಪಾತ್ರೆ, ಒಂದು ತುಳಸಿ ಗಿಡ ಒಪ್ಪಿಸಿದರು. ಕಾಕಾ ಬಿಸ್ಕತ್ತಿನ ಡಬ್ಬಿ ಕೊಟ್ಟರು.

"ಇವರನ್ನು ಊರಿಗೆ ತೆಗೊಂಡು ಹೋಗಿ ನಾನೆಂತ ಮಾಡುದು? ಇವರ ಮನೆ ಇಲ್ಲಿ ಉಂಟು. ಅಲ್ಲಿ ನಾಲ್ಕು ನೂರು ವರ್ಷ ಗೂಡು ಖಾಲಿ ಬಿಟ್ಟು ಆಮೇಲೆ ಹಾಕಿದ್ರಲ್ಲ? ನೀವೂ ನಿಧಾನ ಹಾಕಿ. ನಡುವಿನ ಮಾಳಿಗೆಯಿಂದ ಶುರು ಮಾಡಿ. ಅಲ್ಲಿ ನನ್ನದು ಸರಿ ಅಂತ ನೀವೇ ಹೇಳಿದ್ದು."

ಮುಂದಿನ ಡಿಸೆಂಬರ್, ಕಾಲೇಜು ರಜೆಗೆ ಮುಚ್ಚುವ ದಿನ ಮುಖ್ಯಸ್ಥೆಯಿಂದ ಕೀಲಿ ಕೇಳಿದೆ. ಯಾಕೆಂದು ಹೇಳಿದೆ. "ನಡುವಿನ ಅಂತಸ್ತು ಮಾತ್ರ ಲಾ," ಎಂದು ಕೊಟ್ಟರು. ಹೆಗಲ ಮೇಲೆ ಮಗುವನ್ನು ಹೊತ್ತು ಹೊಳೆ ದಾಟಿಸುವ ಸಂತನನ್ನು ನಡುವಿನ ಒಂದು ಗೂಡಿಗೆ ಅಂಟಿಸಿದೆ. ಈಚಿನ ಡಿಸೆಂಬರ್‌ನಲ್ಲಿ ಅವನ ಪಕ್ಕಕ್ಕೆ ಕೀಲಿ ಹಿಡಿದವನು ಬಂದ. ಈಗ ನನ್ನ ಪಾಠ ಸ್ಲೈಡಿನಿಂದ ಶುರುವಾಗುವುದಿಲ್ಲ. ಹುಡುಗರನ್ನು ಕಪಾಟಿನ ಮುಂದೆ ನಿಲ್ಲಿಸಿ, ಮೊದಲು ಪೀಠ ನೋಡಿ, ಆಮೇಲೆ ನನ್ನ ಮಾತು ಕೇಳಿ ಎನ್ನುತ್ತೇನೆ. ಯಾರೂ ತೂಕಡಿಸುವುದಿಲ್ಲ ಎಂದರೆ ಸುಳ್ಳಾದೀತು, ನಿಂತುಕೊಂಡೇ ತೂಕಡಿಸುವವರೂ ಇದ್ದಾರೆ.

ಕ್ರಿಸ್ಮಸ್ ದಿನ ಮಂಗಳೂರಿನಿಂದ ಫೋನು ಬರುತ್ತದೆ. ಕಾಕು ಹಬ್ಬದ ತಿಂಡಿಗಳ ಪಟ್ಟಿ ಒಪ್ಪಿಸಿ ಫೋನು ದಾಟಿಸುತ್ತಾರೆ. ಕಾಕಾ ಹವೆ, ಕೆಲಸ, ಆರೋಗ್ಯ ಎಲ್ಲ ವಿಚಾರಿಸಿ, ಕೊನೆಗೆ ಮಾತ್ರ ದನಿ ತಗ್ಗಿಸಿ ಅದನ್ನು ಕೇಳುತ್ತಾರೆ.

"ಬಿಚ್ಚಲಿಲ್ಲ ಅಲ್ವಾ ಟೀಚರೇ?"

"ಇಲ್ರೀ ಕಾಕಾ. ಈ ವರ್ಷ ಇನ್ನೊಬ್ರು ಬಂದಾರ."